ಅತ್ತಿ ‘ಆತು’ ಅನ್ನುವ ತನಕ

ಶಿರಹಟ್ಟಿಯ ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಅಳುವುದಕ್ಕೂ ಅತ್ತಿಯ ಅಪ್ಪಣೆ ಬೇಕಿತ್ತು. ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾಡಿ ನೋಡುವುದನ್ನು ಆಕೆಗೆ ಯಾರು ಕಲಿಸಿದರೋ ಗೊತ್ತಿಲ್ಲ. ಕೇಳಿದರೆ, "ಕಲಸಾಕ ಯಾರ ಬರ್ತಾರ? ಹಿಡದ ಹಿಡದ ಬಂತು" ಎಂದು ಮಾತು ಮುಗಿಸುತ್ತಿದ್ದಳು. ಯಾರಿಗಾದರೂ ಕೊನೆಗಾಲ ಬಂತೆಂದು ಕಂಡಾಗ ಆಕೆಗೆ ಕರೆ ಬರುತ್ತಿತ್ತು. ಹೋಗಿ ಮಗ್ಗುಲಲ್ಲಿ ಕೂತು ಮಣಿಕಟ್ಟಿನ ಮೇಲೆ ಮೂರು ಬೆರಳು ಇಡುತ್ತಿದ್ದಳು. ಮನೆ ತುಂಬ ಜನವಿದ್ದರೂ ಒಬ್ಬರೂ ತುಟಿ ಬಿಚ್ಚುವಂತಿಲ್ಲ. ನಾಡಿ ಪೂರ್ತಿ ನಿಂತ ಮೇಲೆ ಆ ಕೈಯನ್ನು ಮೆತ್ತಗೆ ಎದೆಯ ಮೇಲಿಟ್ಟು "ಆತು" ಅನ್ನುತ್ತಿದ್ದಳು. ಅಳು ಶುರುವಾಗುವುದು ಆಮೇಲೆ. ಅದಕ್ಕೂ ಮೊದಲು ಅತ್ತರೆ ಹೊರಟ ಜೀವ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡುತ್ತದೆ, ಅತ್ತ ಹೋಗಲಾರದು ಇತ್ತ ಬರಲಾರದು ಎಂಬುದು ನಮ್ಮ ಓಣಿಯ ನಂಬಿಕೆ. ಪಕ್ಕದ ಓಣಿಯಲ್ಲಿ ಈ ಕಟ್ಟುಪಾಡು ಇರಲಿಲ್ಲ. ಅವರು ತಮಗೆ ಬಂದಾಗ ಅಳುತ್ತಿದ್ದರು.

ನನ್ನ ಅವ್ವನ ಕೈ ಹಿಡಿದವಳೂ ಅತ್ತಿಯೇ. ನಾನಾಗ ಕನ್ನಡ ಶಾಲೆಗೆ ಹೋಗುವ ಹುಡುಗಿ. ಅವ್ವನ ಪಾದಗಳು ಬಾತು ಕಾಲುಂಗುರ ಬಿಚ್ಚಿಡಬೇಕಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ನಡುಮನೆಯ ಗೋಡೆಗೆ ಆನಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಲಕ್ಷ್ಮೇಶ್ವರದ ಮೇಲೆ ಹಾಯ್ದು ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದ್ದರು. ಹೃದಯ ದೊಡ್ಡದಾಗಿದೆ, ಸೋತಿದೆ ಎಂದರಂತೆ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಚಪ್ಪಲಿಗಳ ರಾಶಿ. ಒಳಗೆ ಜನವೋ ಜನ, ಸದ್ದು ಮಾತ್ರ ಇಲ್ಲ. ನನಗೆ ತಿಳಿದುಹೋಯಿತು. ಬಾಯಿ ತೆರೆದೆ. ಅತ್ತಿ ಅವ್ವನ ಕೈ ಬಿಡದೆ, ನನ್ನ ಕಡೆ ತಿರುಗದೆ, ಇನ್ನೊಂದು ಕೈ ಎತ್ತಿ ತಡೆದಳು. "ತಡಿ ಯವ್ವಾ, ಇನ್ನೂ ಅದಾಳ." ಆ ಎತ್ತಿದ ಕೈಯನ್ನೇ ನೋಡುತ್ತ ನಿಂತೆ. ಬಹಳ ಹೊತ್ತಾದ ಮೇಲೆ ಆಕೆ ಆ ಮಾತು ಅಂದಳು. ಎಲ್ಲರೂ ಗೋಳೋ ಎಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತಿಯ ಮೇಲಲ್ಲ, ಆ ಮಾತಿನ ಮೇಲೆ.

ಮುಂದೆ ಇಂಜಿನಿಯರಿಂಗ್ ಓದಿದೆ. ನಿಮಗೆ ಈ ವಿಷಯದಲ್ಲಿ ಆಸಕ್ತಿ ಹೇಗೆ ಹುಟ್ಟಿತು ಎಂದು ಕೇಳಿದವರಿಗೆಲ್ಲ, ದ್ರವಗಳು ಹರಿಯುವ ರೀತಿ ನನ್ನನ್ನು ಸೆಳೆಯಿತು ಎಂದು ಗಂಭೀರವಾಗಿ ಹೇಳುತ್ತ ಬಂದಿದ್ದೇನೆ. ಸುಳ್ಳೇನಲ್ಲ. ಆದರೆ ನನಗೆ ಬೇಕಾಗಿದ್ದದ್ದು, ಆ ಮಾತನ್ನು ಬಾಯಿಂದ ಹೊರಡಿಸದಂಥ ಒಂದು ಯಂತ್ರ.

ದಕ್ಷಿಣದ ಊರೊಂದರ ಪ್ರಯೋಗಾಲಯದಲ್ಲಿ ಕೆಲವು ವರ್ಷ ದುಡಿದು ಈ ಕಡೆ ಬಂದಾಗ ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಂಗಡಿಯ ಬೋರ್ಡುಗಳ ಮೇಲೆ ಇನ್ನೂ ‘ಜಿ. ಧಾರವಾಡ’ ಎಂದೇ ಇತ್ತು. ಕೆಲವರು ಅದರ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆಸುತ್ತಿದ್ದರು. ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಜೊತೆಗೆ ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ಹಲವರನ್ನು ಕೂಡಿಸಿ ಹೃದಯಕ್ಕೆ ನೆರವಾಗುವ ಪಂಪು ಮಾಡಿಸುತ್ತಿತ್ತು. ಅದರಲ್ಲಿ ನನಗೊಂದು ಪಾಲು ಬಂತು. ಪಂಪನ್ನೆಲ್ಲ ನಾನೇ ಮಾಡಿದೆನೆಂದು ನಮ್ಮೂರಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಹಾಗೇನಿಲ್ಲ. ಮೋಟರು ಒಬ್ಬರದು, ವೈರು ಒಬ್ಬರದು, ಸೊಂಟಕ್ಕೆ ಕಟ್ಟುವ ಪೆಟ್ಟಿಗೆ ಇನ್ನೊಬ್ಬರದು. ಒಳಗೆ ತಿರುಗುವ ಚಕ್ರ ಮಾತ್ರ ನನ್ನದು. ಅಡಿಕೆಗಿಂತ ತುಸು ದೊಡ್ಡದು. ಅದರ ರೆಕ್ಕೆಗಳ ಬಾಗನ್ನು ತಿದ್ದುತ್ತ ನನ್ನ ತಲೆಗೂದಲು ಬೆಳ್ಳಗಾಯಿತು.

ಈ ಪಂಪನ್ನು ಸೋತ ಹೃದಯದ ತುದಿಗೆ ಹೊಲಿಯುತ್ತಾರೆ. ಅದು ಹೃದಯದಿಂದ ರಕ್ತವನ್ನು ಎಳೆದುಕೊಂಡು ದೊಡ್ಡ ರಕ್ತನಾಳಕ್ಕೆ ನೂಕುತ್ತದೆ. ಹೊಟ್ಟೆಯಿಂದ ಒಂದು ವೈರು ಹೊರಗೆ ಬರುತ್ತದೆ, ಅದರ ತುದಿಗೆ ಪೆಟ್ಟಿಗೆ ಮತ್ತು ಬ್ಯಾಟರಿ. ಹೃದಯದ ಹಾಗೆ ಇದು ಬಡಿಯುವುದಿಲ್ಲ, ಬಾವಿಯ ಮೋಟರಿನ ಹಾಗೆ ಒಂದೇ ಸಮನೆ ತಿರುಗುತ್ತದೆ. ಹೀಗಾಗಿ ಇದನ್ನು ಹಾಕಿಸಿಕೊಂಡವರು ಓಡಾಡಿಕೊಂಡಿದ್ದರೂ ಬಹಳ ಜನರ ಕೈಯಲ್ಲಿ ನಾಡಿ ಸಿಗುವುದಿಲ್ಲ. ರಕ್ತ ಹರಿಯುತ್ತಿರುತ್ತದೆ, ಬಡಿತ ಇರುವುದಿಲ್ಲ. ನಮಗೆ ಅದು ಪಾಠದ ಮೊದಲ ದಿನದ ಸಂಗತಿ, ಯಾರೂ ಅದರ ಬಗ್ಗೆ ಎರಡನೆಯ ಸಲ ಯೋಚಿಸುತ್ತಿರಲಿಲ್ಲ.

ಚಕ್ರದ ಪರೀಕ್ಷೆಗೆ ಬೆಟಗೇರಿಯಲ್ಲಿ ಒಂದು ಹಳೆಯ ಮಗ್ಗದ ಮನೆ ಬಾಡಿಗೆಗೆ ಹಿಡಿದೆ. ಮಗ್ಗ ಮಾರಿಹೋಗಿತ್ತು, ನೇಯುವವರು ಕಾಲು ಇಳಿಬಿಡುವ ಕುಣಿ ಮಾತ್ರ ಉಳಿದಿತ್ತು. ಆ ಕುಣಿಯಲ್ಲಿ ನನ್ನ ನೀರಿನ ತೊಟ್ಟಿ ಇಟ್ಟು, ಮೇಲೆ ಕೊಳವೆಗಳನ್ನು ಸುತ್ತಿಸಿ, ರಕ್ತದಷ್ಟೇ ಮಂದವಾಗುವಂತೆ ನೀರಿಗೆ ಗ್ಲಿಸರಿನ್ ಕಲಸಿ ಹರಿಯಬಿಡುತ್ತಿದ್ದೆ. ಪಂಪು ತಿಂಗಳುಗಟ್ಟಲೆ ನಿಲ್ಲದೆ ತಿರುಗಬೇಕು, ಕರೆಂಟು ಹೋದರೂ. ಅದರ ಕಾವಲಿಗೆ ಪಕ್ಕದ ಕೋಣೆಯಲ್ಲೇ ನಾನು ಇರತೊಡಗಿದೆ. ಆಚೆ ಈಚೆ ಮನೆಗಳಲ್ಲಿ ಮಗ್ಗಗಳ ಸದ್ದು, ಮಕ್ಕಳ ಜಗಳ, ಒಗ್ಗರಣೆಯ ವಾಸನೆ. ನನ್ನ ಮನೆಯಲ್ಲಿ ಕಿವಿ ಹಚ್ಚಿದರೆ ಮಾತ್ರ ಕೇಳುವ ಒಂದು ಗುಂಯ್. ಹಬ್ಬದ ದಿನ ಕಾಲೇಜು ಮುಚ್ಚಿರುತ್ತಿತ್ತು, ಅಂದು ಬೆಳಗಿನಿಂದ ಸಂಜೆಯ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಮ್ಮೊಮ್ಮೆ ನನ್ನ ದನಿ ಇದೆಯೋ ಇಲ್ಲವೋ ಎಂದು ಕೆಮ್ಮಿ ನೋಡುತ್ತಿದ್ದೆ.

ಗ್ಲಿಸರಿನ್ನಿನ ಪರೀಕ್ಷೆ ಮುಗಿದ ಮೇಲೆ ನಿಜವಾದ ರಕ್ತ ಬೇಕು. ಚಕ್ರ ತಿರುಗುವ ರಭಸಕ್ಕೆ ರಕ್ತದ ಕಣಗಳು ಒಡೆಯುತ್ತವೆಯೇ ಎಂದು ನೋಡಬೇಕು. ಒಡೆದರೆ, ರಕ್ತ ತಂಗಿದಾಗ ಮೇಲೆ ನಿಲ್ಲುವ ಹಳದಿ ತಿಳಿ ಕೆಂಪಾಗುತ್ತದೆ. ನಮ್ಮದು ಗುಡಿಯ ಪೂಜೆ ಮಾಡುವ ಮನೆತನ. ಅಂಥ ಮನೆಯ ಹೆಣ್ಣುಮಗಳು ಬೆಳಿಗ್ಗೆ ಬೆಳಿಗ್ಗೆ ಡಬ್ಬಿ ಹಿಡಿದು ಕಟುಕರ ಅಂಗಡಿಯ ಮುಂದೆ ನಿಲ್ಲುವುದನ್ನು ಬೆಟಗೇರಿಯ ಜನ ನೋಡಿದರು. ರಕ್ತ ಹೆಪ್ಪುಗಟ್ಟದಂತೆ ಡಬ್ಬಿಯಲ್ಲಿ ಮೊದಲೇ ಔಷಧಿ ಹಾಕಿ ಒಯ್ಯುತ್ತಿದ್ದೆ. ಅಂಗಡಿಯ ಚಾಚಾ ಒಳ್ಳೆಯವರು. "ಅಕ್ಕಾರ, ಜಲ್ದಿ ಬರ್ರಿ, ನಿಮ್ಮದು ಪೈಲಾ ಕೊಟ್ಟಬಿಡತೇನಿ" ಎಂದು ಎಲ್ಲರಿಗಿಂತ ಮೊದಲು ನನ್ನನ್ನು ಕಳಿಸುತ್ತಿದ್ದರು. ಯಾತಕ್ಕೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದವರು ಅವರೊಬ್ಬರೇ. ಓಣಿಯಲ್ಲಿ ನಾನು ಮಾಟ ಮಾಡುತ್ತೇನೆಂದು ತೀರ್ಮಾನವಾಗಿತ್ತು. ಒಂದು ದಿನ ಪಕ್ಕದ ಮನೆಯ ನೇಕಾರ ಹೆಂಗಸು ಸೆರಗಿನಲ್ಲಿ ನಿಂಬೆಹಣ್ಣು ಮುಚ್ಚಿಕೊಂಡು ಬಂದಳು. "ಅಕ್ಕಾರ, ನಮ್ಮ ಮನ್ಯಾವ್ರು ಕುಡಿಯೂದು ಬಿಡಂಗ ಏನರ ಮಾಡಿಕೊಡ್ರಿ." ನಾನು ಆಕೆಯನ್ನು ಒಳಗೆ ಕರೆದು ಪಂಪು, ಕೊಳವೆ, ತೊಟ್ಟಿ ಎಲ್ಲ ತೋರಿಸಿದೆ. ಕುಣಿಯಲ್ಲಿ ಬಗ್ಗಿ ನೋಡಿ ನಿರಾಸೆಯಿಂದ, "ಇಷ್ಟಽ ಏನ್ರಿ?" ಅಂದಳು. ನಿಂಬೆಹಣ್ಣು ಬಿಟ್ಟುಹೋದಳು, ನಾನು ಶರಬತ್ತು ಮಾಡಿ ಕುಡಿದೆ.

ಮುಂಡರಗಿಯಿಂದ ನನ್ನನ್ನು ನೋಡಲು ಒಮ್ಮೆ ಗಂಡಿನವರು ಬಂದಿದ್ದರು. ಒಳ್ಳೆಯ ಜನ. ಹುಡುಗನ ತಾಯಿ ಫ್ರಿಜ್ಜಿನಿಂದ ನೀರು ತೆಗೆದುಕೊಳ್ಳಲು ಹೋಗಿ ನನ್ನ ಡಬ್ಬಿಯ ಮುಚ್ಚಳ ತೆಗೆದರು. ಸಂಬಂಧ ಅಲ್ಲಿಗೇ ಮುಗಿಯಿತು. ಅತ್ತಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಗುವಿಗೋ ಇನ್ನೊಂದಕ್ಕೋ, ನಾನು ಕೇಳಲಿಲ್ಲ.

ಹೀಗೆ ವರ್ಷಗಳು ಹೋದವು. ಚಕ್ರಕ್ಕೆ ಸಿಕ್ಕು ಒಡೆಯುವ ರಕ್ತದ ಕಣಗಳು ಕಡಿಮೆಯಾಗುತ್ತ ಬಂದವು. ಪ್ರಾಣಿಗಳಲ್ಲಿ ಪರೀಕ್ಷೆಯಾಯಿತು, ಮನುಷ್ಯರಲ್ಲಿ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಆ ಹೊತ್ತಿಗೆ ಸರಿಯಾಗಿ ಅತ್ತಿಯ ಪಾದಗಳು ಬಾತವು.

ಒಂದು ಭಾನುವಾರ ಶಿರಹಟ್ಟಿಗೆ ಹೋದರೆ ಆಕೆ ನಡುಮನೆಯ ಗೋಡೆಗೆ ಆನಿಕೊಂಡು ಕೂತು ನಿದ್ದೆ ಮಾಡುತ್ತಿದ್ದಳು. ಅವ್ವ ಕೂರುತ್ತಿದ್ದ ಜಾಗವೇ. ತನ್ನ ಕೈಯನ್ನು ತಾನೇ ಹಿಡಿದು ಎಲ್ಲವನ್ನೂ ಆಕೆ ಮೊದಲೇ ತಿಳಿದುಕೊಂಡಿದ್ದಳು. "ದಾರಿ ತಪ್ಪಿದ ಎತ್ತಿನಂಗ ನಡೀತೈತಿ" ಅಂದಳು. ಆಸ್ಪತ್ರೆಗೆ ಕರೆದೊಯ್ದೆ. ಔಷಧಿಯಿಂದ ಆಗದು, ಪಂಪು ಹಾಕಬಹುದು ಎಂದು ಅಲ್ಲಿನ ಡಾಕ್ಟರರು ಹೇಳಿದರು. ನಾನು ಆ ಪಂಪಿನವಳಾದ್ದರಿಂದ ನಿರ್ಧಾರದಲ್ಲಿ ಬಾಯಿ ಹಾಕುವಂತಿರಲಿಲ್ಲ, ಹಾಕಲೂ ಇಲ್ಲ. ಒಳ್ಳೆಯದು ಕೆಟ್ಟದ್ದು ಎಲ್ಲ ಅವರೇ ಆಕೆಗೆ ವಿವರಿಸಿದರು. ನಾಡಿಯ ವಿಷಯ ಮಾತ್ರ ನಾನೇ ಹೇಳುತ್ತೇನೆಂದು ಕೇಳಿಕೊಂಡೆ.

"ಅತ್ತಿ, ಅದನ್ನ ಹಾಕಿದ ಮ್ಯಾಲೆ ನಿನ್ನ ಕೈಯಾಗ ನಾಡಿ ಸಿಗೂದಿಲ್ಲ."

ಆಕೆ ತನ್ನ ಮಣಿಕಟ್ಟಿನ ಮೇಲೆ ತಾನೇ ಬೆರಳು ಇಟ್ಟುಕೊಂಡಳು. "ಮತ್ತ ನಾ ಅದೇನಿ ಅಂತ ನನಗ ಹೆಂಗ ಗೊತ್ತಾಗಬೇಕು?"

"ಉಣತಿ, ತಿರಗಾಡತಿ, ನನ್ನ ಬೈತಿ."

"ಬೈಯೂದು ಇದ್ರ ಸಾಕ ಬಿಡು" ಎಂದು ಹೆಬ್ಬೆಟ್ಟು ಒತ್ತದೆ ಸಹಿಯನ್ನೇ ಮಾಡಿದಳು. ಸಹಿ ಮಾಡಲು ಬರುತ್ತದೆಂಬುದು ಆಕೆಯ ದೊಡ್ಡ ಜಂಬ.

ಆಕೆ ಬದುಕಿದಳು. ಮನೆಗೆ ಬಂದಳು, ಅಂಗಳಕ್ಕೆ ನೀರು ಹಾಕಿದಳು, ರೊಟ್ಟಿ ಬಡಿದಳು. ಪಾದದ ಬಾವು ಇಳಿಯಿತು. "ನಾ ಈಗ ಮೊಬೈಲ್ ಆಗೇನಿ, ಮಲಗೂ ಮುಂದ ಚಾರ್ಜಿಗೆ ಹಚ್ಚಬೇಕು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಲ್ಲೂ ಬೆಟಗೇರಿಯ ಪಂಪಿಗೂ ಇನ್ವರ್ಟರ್ ಹಾಕಿಸಿದ್ದೆ. ಬಚ್ಚಲಿಗೆ ಇಳಿದು ತಲೆ ತುಂಬ ನೀರು ಹಾಕಿಕೊಳ್ಳುವಂತಿಲ್ಲ ಎಂಬುದೊಂದೇ ಆಕೆಯ ದೂರು. ನಾನು ಬೆಟಗೇರಿಯಿಂದ ದಿನಾ ಸಂಜೆಯ ಬಸ್ಸಿಗೆ ಶಿರಹಟ್ಟಿಗೆ ಬರತೊಡಗಿದೆ. ನಾನು ಸುಖವಾಗಿದ್ದೆ. ಇದನ್ನು ಹೀಗೆ ನೇರವಾಗಿ ಬರೆಯಬಹುದಾದ ಕಾಲ ನನ್ನ ಬಾಳಿನಲ್ಲಿ ಅದೊಂದೇ.

ಆದರೆ ಓಣಿಯ ಹೆಂಗಸರು ಮಾತಾಡಿಸಲು ಬಂದಾಗ ಕುತೂಹಲಕ್ಕೆ ಆಕೆಯ ಕೈ ಹಿಡಿದು ನೋಡಿದರು. ಏನೂ ಸಿಗಲಿಲ್ಲ. ಒಬ್ಬಳು ಹಿಡಿದ ಕೈಯನ್ನು ಬಿಸಿ ತಾಕಿದವಳಂತೆ ಬಿಟ್ಟಳು. ಆಮೇಲೆ ಬರುವವರು ಕಡಿಮೆಯಾದರು. ಬಂದರೂ ಬಾಗಿಲ ಹತ್ತಿರವೇ ಕೂರುತ್ತಿದ್ದರು.

ಒಂದು ಸಂಜೆ ನಾನು ಮನೆಗೆ ಬಂದಾಗ ಎದುರುಮನೆಯಿಂದ ಅಳು ಕೇಳುತ್ತಿತ್ತು. ಆ ಮನೆಯ ಯಜಮಾನರು ತೀರಿಕೊಂಡಿದ್ದರು. ಅತ್ತಿ ಅಡುಗೆಮನೆಯಲ್ಲಿ ಮೊರದ ತುಂಬ ಹೆಸರುಕಾಳು ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಹರಳು ಇರಲಿಲ್ಲ, ಸುಮ್ಮನೆ ಕಾಳು ಸರಿಸುತ್ತಿದ್ದಳು.

"ನೀ ಹೋಗಲಿಲ್ಲೇನು?"

"ಕರೀಲಿಲ್ಲ."

"ಮತ್ತ ‘ಆತು’ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ತಾವಽ ಅಳಾಕ ಹತ್ತಿದ್ರು." ಮೊರ ಕೆಳಗಿಟ್ಟಳು. "ನಾಡಿ ಇಲ್ಲದಾಕಿ ಬಂದು ಕೈ ಹಿಡದ್ರ ಹೆಂಗ ಅಂತ ಅವ್ರಿಗೆ ಅಂಜಿಕಿ. ಇರತೈತಿ. ನನಗಽ ಅಂಜಿಕಿ ಬರತೈತಿ ಒಮ್ಮೊಮ್ಮೆ."

ನನಗೆ ಮೈಯೆಲ್ಲ ಉರಿಯಿತು. ಹೋಗಿ ಆ ಜನಕ್ಕೆ ರಕ್ತ ಹರಿಯುವುದು ಹೇಗೆಂದು ಪಾಠ ಹೇಳುತ್ತೇನೆಂದು ಎದ್ದೆ. ಅತ್ತಿ ನನ್ನ ಸೆರಗು ಹಿಡಿದಳು. "ಕುಂಡರು. ಹೆಣದ ಮನ್ಯಾಗ ಪಾಠ ಹೇಳತಾಳಂತ." ಎಳೆದು ಕೂರಿಸಿ, ಮೊಟ್ಟಮೊದಲ ಬಾರಿಗೆ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟಳು. ಗಟ್ಟಿಮುಟ್ಟಾಗಿರುವವರ ನಾಡಿ ಹಿಡಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆರೋಗ್ಯವಾಗಿದ್ದ ಮನೆಮಂದಿಯ ನಾಡಿಯನ್ನು ಆಕೆ ಎಂದೂ ಹಿಡಿದವಳಲ್ಲ. ಆ ನಂಬಿಕೆಯನ್ನು ಅಂದು ಬಿಟ್ಟಳು. ಹಿಡಿದುಕೊಂಡು ಹಾಗೇ ಕೂತಳು. "ಚಲೋ ಐತಿ ನೋಡು ನಿಂದು. ಕುದರಿ ಹಂಗ." ಅಂದಿನಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ನನ್ನ ಕೈ ಹಿಡಿಯುವುದು ಆಕೆಗೆ ರೂಢಿಯಾಯಿತು. ಬೇರೆ ಯಾರ ಕೈಯೂ ಆಕೆಗೆ ಉಳಿದಿರಲಿಲ್ಲ. ನಾನು ಆಕೆಯ ಎದೆಗೆ ಕಿವಿ ಹಚ್ಚಿ ನನ್ನ ಚಕ್ರದ ಗುಂಯ್ ಕೇಳುತ್ತಿದ್ದೆ. ಓಣಿಯಲ್ಲಿ ಹೋಗಿಬರುವವರಿಗೆ ನಾವಿಬ್ಬರೂ ಹುಚ್ಚರಂತೆ ಕಂಡಿರಬೇಕು.

ಹಾಗೆ ಕೂತಿದ್ದಾಗ ಒಮ್ಮೆ ಕೇಳಿದಳು. "ನಂದು ಯಾರ ಹೇಳಬೇಕು?"

"ಏನು?"

"ಗೊತ್ತಿಲ್ಲದಂಗ ಮಾಡಬ್ಯಾಡ. ಕೈ ಹಿಡದ್ರ ಯಾರಿಗೂ ತಿಳಿಯೂದಿಲ್ಲ. ನಿನ್ನ ಮಶಿನ್ನು ತಿರಗತಽ ಇರತೈತಿ. ಯಾರೂ ಹೇಳಲಿಲ್ಲಂದ್ರ ನಾ ಹೊಸ್ತಿಲದಾಗ ನಿಂತಿರಬೇಕಾಗತೈತಿ. ನೀ ಹೇಳಬೇಕು."

"ನಾ ಹೇಳೂದಿಲ್ಲ" ಅಂದೆ. ಸಿಟ್ಟಿನಿಂದಲೇ ಅಂದೆ. ಆ ಮಾತನ್ನು ಇಲ್ಲದಂತೆ ಮಾಡಲು ಇಡೀ ಹರೆಯವನ್ನು ಕೊಳವೆಗಳ ನಡುವೆ ಕಳೆದವಳು ನಾನು. ಆಕೆ ಬೆರಳುಗಳನ್ನು ನನ್ನ ಕೈಯಿಂದ ತೆಗೆಯಲಿಲ್ಲ. ಆಮೇಲೆ ಆಗಾಗ, ರೊಟ್ಟಿ ಬಡಿಯುತ್ತಲೋ ಹೂ ಕಟ್ಟುತ್ತಲೋ ಇರುವಾಗ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು. ನಾನು ತಲೆ ಬೇರೆ ಕಡೆ ತಿರುಗಿಸುತ್ತಿದ್ದೆ.

ಪಂಪು ಹಾಕಿದವರಿಗೆ ರಕ್ತ ತೆಳುವಾಗಿಡುವ ಔಷಧಿ ಕೊಡಲೇಬೇಕು. ಅದರಿಂದ ಮಿದುಳಿನಲ್ಲಿ ರಕ್ತ ಸೋರುವ ಭಯ ಇದ್ದೇ ಇರುತ್ತದೆ. ಆ ಭಯವನ್ನು ನಾನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಅದು ಅತ್ತಿಗೆ ಆಯಿತು. ರೊಟ್ಟಿ ಬಡಿಯುತ್ತ ಬಲಗೈ ನಿಂತುಹೋಯಿತಂತೆ, ಮಾತು ತೊದಲಿತಂತೆ. ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಕೊನೆಗೆ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು, ಮನೆಗೆ ಒಯ್ಯಬಹುದು ಎಂದರು. ಉಸಿರು ನಿಂತ ಮೇಲೂ ಪಂಪು ತಿರುಗುತ್ತಿರುತ್ತದೆ, ಊರಿನ ಡಾಕ್ಟರರು ನೋಡಿ ಹೇಳಿದ ಮೇಲೆ ಬ್ಯಾಟರಿ ಬಿಡಿಸಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಗೊತ್ತಿಲ್ಲದ್ದನ್ನು ಕೇಳಿದವಳ ಹಾಗೆ ತಲೆಯಾಡಿಸಿದೆ.

ಶಿರಹಟ್ಟಿಯ ಮನೆಯಲ್ಲಿ, ಒಂದು ಬೆಳಿಗ್ಗೆ, ಹಾಲಿನವಳು ಬಂದು ಹೋದ ಮೇಲೆ ಆಕೆಯ ಉಸಿರು ದೂರದೂರವಾಗತೊಡಗಿತು. ಸುದ್ದಿ ಹೇಗೆ ಹೋಯಿತೋ, ಓಣಿಯ ಹೆಂಗಸರೆಲ್ಲ ಬಂದರು. ಆಕೆಯ ಕೈ ಬಿಸಿ ತಾಕಿದಂತೆ ಬಿಟ್ಟವಳೂ ಬಂದಳು, ಎದುರುಮನೆಯ ಮುದುಕಿಯೂ ಕೋಲೂರಿಕೊಂಡು ಬಂದಳು. ಗೋಡೆಗುಂಟ ಸಾಲಾಗಿ ಕೂತರು. ಒಬ್ಬರೂ ಬಾಯಿ ಬಿಡಲಿಲ್ಲ. ತಾಲೂಕಿನ ಲೇಡಿ ಡಾಕ್ಟರ್ ಬಂದರು, ಇನ್ನೂ ಸಣ್ಣ ವಯಸ್ಸಿನವರು. ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ಕಣ್ಣಿಗೆ ಬೆಳಕು ಬಿಟ್ಟರು, ಮೂಗಿನ ಹತ್ತಿರ ಬಗ್ಗಿ ಬಹಳ ಹೊತ್ತು ಕಾದರು. ಎದ್ದು ನಿಂತು, "ಉಸುರು ನಿಂತೈತ್ರಿ ಮೇಡಂ. ಕಣ್ಣಾಗೂ ಏನಿಲ್ಲ. ಆದ್ರ ಇದು..." ಎಂದು ಹಾಸಿಗೆಯ ಮೇಲಿನ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಬ್ಯಾಟರಿ ತುಂಬಿತ್ತು. ರೂಢಿಯ ಪ್ರಕಾರ ಬೆಳಿಗ್ಗೆ ನಾನೇ ಬದಲಿಸಿದ್ದೆ. ನಮ್ಮ ಪಂಪು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಅತ್ತಿ ಇರಲಿಲ್ಲ.

ಡಾಕ್ಟರ್ ನನ್ನನ್ನು ನೋಡಿದರು, ಹೆಂಗಸರೆಲ್ಲ ನನ್ನನ್ನು ನೋಡಿದರು. ನಾನು ಕದಲಲಿಲ್ಲ. ನಾನು ಹೇಳದಿದ್ದರೆ ಯಾರೂ ಅಳುವುದಿಲ್ಲ, ಯಾರೂ ಅಳದಿದ್ದರೆ ಅವಳು ಹೋಗಿಲ್ಲ ಎಂದು ಅನ್ನಿಸಿತು. ಶಾಲೆಯಿಂದ ಬಂದ ಹುಡುಗಿಯ ಬುದ್ಧಿ ಅದು, ಇಷ್ಟು ವರ್ಷವಾದರೂ ಬೆಳೆದಿರಲಿಲ್ಲ. ಬಿಸಿಲು ಅಂಗಳದಿಂದ ಪಡಸಾಲೆಗೆ ಬಂತು. ಒಂದು ಕೂಸು ಹಸಿದು ಕುಂಯ್‌ಗುಟ್ಟಿತು, ಅದರ ತಾಯಿ ಅದನ್ನು ಸೆರಗಿನೊಳಗೆ ಎಳೆದುಕೊಂಡು ಸುಮ್ಮನಾಗಿಸಿದಳು. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಎದುರುಮನೆಯ ಮುದುಕಿ ಮೆತ್ತಗೆ ಅಂದಳು, "ಯವ್ವಾ, ಆಕಿ ಹೊಸ್ತಿಲದಾಗ ನಿಂತಾಳ."

ನಾನು ಹೋಗಿ ಅತ್ತಿಯ ಮಗ್ಗುಲಲ್ಲಿ ಕೂತೆ. ಆಕೆಯ ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟೆ. ಏನೂ ಇರಲಿಲ್ಲ, ಎಷ್ಟೋ ಕಾಲದಿಂದ ಇರಲಿಲ್ಲ. ಎದೆಗೆ ಕಿವಿ ಹಚ್ಚಿ ಆ ಗುಂಯ್ ಇನ್ನೊಮ್ಮೆ ಕೇಳಿದೆ. ಆಮೇಲೆ ಇನ್ನೊಂದು ಕೈಯಿಂದ ಒಂದು ಬ್ಯಾಟರಿ ಬಿಡಿಸಿದೆ, ಎರಡನೆಯದನ್ನೂ ಬಿಡಿಸಿದೆ. ಪೆಟ್ಟಿಗೆ ಕಿರುಚಿಕೊಂಡಿತು. ಪಂಪು ನಿಂತರೆ ಮಲಗಿದವರಿಗೂ ಎಚ್ಚರವಾಗುವಂತೆ ಜೋರಾಗಿ ಕೂಗಬೇಕೆಂದು ಹಟ ಹಿಡಿದು ಮಾಡಿಸಿದ್ದವಳು ನಾನೇ. ಓಣಿಯಲ್ಲಿ ಅಪ್ಪಣೆಯಿಲ್ಲದೆ ಆಕೆಗಾಗಿ ಮೊದಲು ಕೂಗಿದ್ದು ಅದು. ಹೆಂಗಸರು ಬೆಚ್ಚಿದರು. ಗುಂಡಿ ಒತ್ತಿ ಸದ್ದು ನಿಲ್ಲಿಸಿದೆ. ಆಕೆಯ ಕೈಯನ್ನು ಎದೆಯ ಮೇಲಿಟ್ಟೆ.

"ಆತು" ಅಂದೆ.

ಮನೆ ತುಂಬ ಅಳು ಎದ್ದಿತು. ಅವ್ವ ಹೋದಂದು ಬಾರದೆ ನಿಂತದ್ದು ನನಗೂ ಅಂದು ಬಂತು. ನೆಲಕ್ಕೆ ಬಿದ್ದು ಅತ್ತೆ. ಯಾರು ಯಾರೋ ಹಿಡಿದುಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬೆಟಗೇರಿಗೆ ಹೋಗಿ ಬಾಗಿಲು ತೆಗೆದೆ. ಕುಣಿಯ ಮೇಲಿನ ಪಂಪು ಆ ದಿನಗಳಲ್ಲೆಲ್ಲ ಒಂದೇ ಸಮನೆ ತಿರುಗಿತ್ತು, ನಿಂತಿರಲಿಲ್ಲ. ಆಸ್ಪತ್ರೆಯ ಊರಿನಿಂದ ನಮ್ಮ ತಂಡದವರೊಬ್ಬರು ಫೋನು ಮಾಡಿ ಕೇಳಿಕೊಂಡು, ನಿಲ್ಲದೆ ತಿರುಗುವ ಪರೀಕ್ಷೆ ಪಾಸಾಯಿತು ಎಂದು ಖುಷಿಪಟ್ಟರು. ಹೌದು, ಚೆನ್ನಾಗಿದೆ ಎಂದೆ. ಈಗಲೂ ಅದೇ ಮನೆಯಲ್ಲಿದ್ದೇನೆ, ಅದೇ ಕೆಲಸ ಮಾಡುತ್ತೇನೆ. ಹೊಸ ಚಕ್ರ ಹಳೆಯದಕ್ಕಿಂತ ಒಳ್ಳೆಯದು. ಸಂಜೆ ಮಗ್ಗಗಳು ನಿಂತ ಮೇಲೆ ಕಟ್ಟೆಗೆ ಬಂದು ಕೂತು ನನ್ನ ಮಣಿಕಟ್ಟಿನ ಮೇಲೆ ನಾನೇ ಮೂರು ಬೆರಳು ಇಡುತ್ತೇನೆ. ಬಡಿಯುತ್ತಿದೆ, ಕುದುರೆಯ ಹಾಗೇ ಬಡಿಯುತ್ತಿದೆ. ಅದನ್ನು ಯಾರಿಗೆ ಹೇಳಬೇಕೋ ತಿಳಿಯುವುದಿಲ್ಲ.